ಶಹಾಬಾದ್ ಫರಸಿ ಮ್ಯಾಲ ಲೈನ್ ಫಾಲೋವರ್ ರೋಬೋ ದಾರಿ ಬಿಡ್ತದ, ಡ್ರಾಯಿಂಗ್ ಶೀಟ್ ಮ್ಯಾಲ ಸರಿ ಓಡ್ತದ. ಯಾಕ?

ಸೇಡಂ_ಸಾಲಿ

ಎಲ್ಲಾರಿಗೂ ನಮಸ್ಕಾರ. ನಾನು ಹೈಸ್ಕೂಲ್ ವಿಜ್ಞಾನ ಟೀಚರ್. ಒಂಬತ್ತನೇ ಕ್ಲಾಸಿನ ಹುಡುಗ್ರು ಪ್ರದರ್ಶನದ ಸಲುವಾಗಿ ನೆಲದ ಮ್ಯಾಲಿನ ಗೆರಿ ಹಿಡಿದು ಓಡೋ ರೋಬೋ ಕಟ್ಯಾರ. ಸಾಮಾನು ಇಷ್ಟು: ಆರ್ಡುಯಿನೊ ಊನೊ (ಕೋಡ್ ಹಾಕಿ ನಡೆಸೋ ಸಣ್ಣ ಬೋರ್ಡ್), ಎಲ್298ಎನ್ ಮೋಟರ್ ಡ್ರೈವರ್ (ಊನೊ ಹೇಳಿದಂಗ ಮೋಟರಿಗೆ ಕರೆಂಟ್ ಕೊಡೋದು), 150 ಆರ್‌ಪಿಎಂ ಹಳದಿ ಬಿಒ ಮೋಟರ್ ಎರಡು, 65 ಮಿ.ಮೀ. ಗಾಲಿ ಎರಡು, ಮುಂದ ಒಂದು ಕ್ಯಾಸ್ಟರ್ (ಎಲ್ಲಾ ಕಡೆ ತಿರುಗೋ ಸಣ್ಣ ಗಾಲಿ), ಮೂರು ಪಿನ್ನಿನ ಐಆರ್ (ಇನ್‌ಫ್ರಾರೆಡ್ ಬೆಳಕಿನ) ಸೆನ್ಸರ್ ಎರಡು, ಕರೆಂಟಿಗೆ ಒಂದು 9 ವೋಲ್ಟಿನ ಚೌಕ ಬ್ಯಾಟರಿ.

ಬಿಳಿ ಡ್ರಾಯಿಂಗ್ ಶೀಟ್ ಮ್ಯಾಲ ಕರೀ ಇನ್ಸುಲೇಷನ್ ಟೇಪ್ ಹಚ್ಚಿ ಬಿಟ್ರ ಚಂದ ಓಡ್ತದ. ಅದೇ ಟೇಪ್ ಹಾಲಿನ ಶಹಾಬಾದ್ ಫರಸಿ ಮ್ಯಾಲ ಹಚ್ಚಿದ್ರ ಫರಸಿಯ ಸಂದಿ ಬಂದಲ್ಲೆಲ್ಲ ಹೊಳ್ಳಿ ಬಿಡ್ತದ. ಕಿಟಕಿ ಹತ್ರ ಬಿಸಿಲು ಬೀಳೋ ಕಡೆ ಅದಕ್ಕ ಗೆರಿ ಕಾಣೋದೇ ಇಲ್ಲ. ತಿರುವಿನ್ಯಾಗ ರಭಸದಿಂದ ಹೊರಗ ಹೋಗ್ತದ. ಕೋಡ್‌ನ್ಯಾಗ ಸ್ಪೀಡ್ 255 ಇದ್ದದ್ದು 120 ಮಾಡಿದ್ರೂ ವೇಗ ಅಷ್ಟೇ. ಇನ್ನೊಂದು, ಸ್ವಲ್ಪ ಹೊತ್ತು ಓಡಿದ ಮ್ಯಾಲ ಮೋಟರ್ ಶುರು ಆಗೋ ಹೊತ್ತಿಗೆ ಬೋರ್ಡ್ ತಾನೇ ರೀಸೆಟ್ ಆಗ್ತದ.

ಪ್ರದರ್ಶನ ಅದೇ ಹಾಲಿನ್ಯಾಗ ಅದ. ಯಾವುದರಿಂದ ಶುರು ಮಾಡಬೇಕು? ಪಿಐಡಿ (ಗೆರಿಯಿಂದ ಎಷ್ಟು ಸರಿದದ ಅಂತ ನೋಡಿ ತಿದ್ದೋ ಲೆಕ್ಕ) ಹಾಕಿದ್ರ ಎಲ್ಲಾ ಸರಿ ಆಗ್ತದ ಅಂತ ಒಬ್ರು ಹೇಳಿದ್ರು, ಖರೇನಾ?

ಫರಸಿ_ಖಣಿ, ಶಹಾಬಾದ್

ಮೇಡಂ, ಪಿಐಡಿ ಆಮ್ಯಾಲ ನೋಡೋಣ. ಸೆನ್ಸರಿಗೆ ಗೆರಿ ಬ್ಯಾರೆ, ನೆಲ ಬ್ಯಾರೆ ಅಂತ ಕಾಣದಿದ್ರ ಮುಂದಿನ ಲೆಕ್ಕ ಎಷ್ಟು ಚಂದ ಇದ್ರೂ ರೋಬೋ ತಪ್ಪೇ ಹೋಗ್ತದ. ಮೊದ್ಲ ನೆಲ ಅಳೀರಿ.

ನಮ್ಮ ಫರಸಿ ಸುಣ್ಣದ ಕಲ್ಲು. ಬೂದಿ ಬಣ್ಣ ಅಂತ ನಾವು ಅಂತೀವಿ, ಆದ್ರ ಒಂದೇ ಹಾಲಿನ್ಯಾಗ ಒಂದು ಕಲ್ಲು ತಿಳಿ ಇರ್ತದ, ಬಾಜೂದ್ದು ಕಪ್ಪಗ ಇರ್ತದ. ಸಂದಿಯೊಳಗಿನ ಸಿಮೆಂಟಿನ್ಯಾಗ ಮಣ್ಣು, ಧೂಳು ಕೂತು ಅದು ಕಲ್ಲಿಗಿಂತ ಕಪ್ಪಾಗ್ತದ. ಸಂದಿ ತಗ್ಗಿನ್ಯಾಗ ಇರೋದ್ರಿಂದ ಅಲ್ಲಿಂದ ಬೆಳಕು ಹೊಳ್ಳಿ ಬರೋದೂ ಕಡಿಮಿ. ಹಿಂಗಾಗಿ ನಿಮ್ಮ ರೋಬೋ ಸಂದಿಯನ್ನ ಟೇಪ್ ಅಂತ ತಿಳಕೊಂಡು ಅದರ ಹಿಂದ ಹೋಗ್ತದ. ಸೆನ್ಸರ್ ಕೆಟ್ಟಿಲ್ಲ.

ನಿಮ್ಮ ಹತ್ರ ಇರೋ ಮೂರು ಪಿನ್ನಿನ ಮಾಡ್ಯೂಲ್ ಅಡ್ಡ ಬಂದದ್ದನ್ನ ಗುರುತಿಸ್ಲಾಕ ಮಾಡಿದ್ದು. ಅದರಾಗ ಬೆಳಕು ಬಿಡೋ ಒಂದು ಬಿಳಿ ಎಲ್ಇಡಿ, ಹೊಳ್ಳಿ ಬಂದ ಬೆಳಕು ಹಿಡಿಯೋ ಒಂದು ಕರೀ ಫೋಟೋಡಯೋಡ್ ಮುಂದಕ್ಕ ಚಾಚಿಕೊಂಡಿರ್ತಾವ. ಅದು ಬರೀ ಹೌದು ಇಲ್ಲ ಅಂತ ಹೇಳ್ತದ, ಎಷ್ಟು ಅಂತ ಹೇಳೋದಿಲ್ಲ. ನಾಲ್ಕು ಪಿನ್ ಇರೋ ಟಿಸಿಆರ್‌ಟಿ5000 ಮಾಡ್ಯೂಲ್ ತಗೋರಿ. ನಾಲ್ಕನೇ ಪಿನ್ ಎ0 ಅಂತ ಇರ್ತದ, ಅದರಿಂದ 0ರಿಂದ 1023ರ ತನಕ ಅಂಕಿ ಸಿಗ್ತದ. ಈ ಸೆನ್ಸರಿನ ಬೆಳಕು 950 ನ್ಯಾನೋಮೀಟರ್, ಕಣ್ಣಿಗೆ ಕಾಣದ್ದು. ಎಲ್ಇಡಿ ಹತ್ತ್ಯದೋ ಇಲ್ಲೋ ಅಂತ ಮೊಬೈಲ್ ಕ್ಯಾಮೆರಾದಾಗ ನೋಡ್ರಿ, ತಿಳಿ ನೇರಳೆ ಬೆಳಕು ಕಾಣ್ತದ. ಕೆಲವು ಫೋನಿನ ಹಿಂದಿನ ಕ್ಯಾಮೆರಾಕ್ಕ ಕಾಣಂಗಿಲ್ಲ, ಸೆಲ್ಫಿ ಕ್ಯಾಮೆರಾದಾಗ ನೋಡಬೇಕು.

ಎತ್ತರ ಭಾಳ ಮುಖ್ಯ. ಟಿಸಿಆರ್‌ಟಿ5000 ಅತೀ ಚಲೋ ಕೆಲಸ ಮಾಡೋದು 2.5 ಮಿ.ಮೀ. ಅಂತರದಾಗ. ಆದ್ರ ಫರಸಿ ಕಲ್ಲುಗಳ ಅಂಚು ಒಂದಕ್ಕೊಂದು ಒಂದೆರಡು ಮಿಲಿಮೀಟರ್ ಮ್ಯಾಲ ಕೆಳಗ ಇರ್ತಾವ, ಅಷ್ಟು ಕೆಳಗ ಹಚ್ಚಿದ್ರ ಸೆನ್ಸರ್ ಕಲ್ಲಿಗೆ ಬಡೀತದ. 5 ಮಿ.ಮೀ. ಇಡ್ರಿ. 10 ದಾಟಿದ್ರ ಬಿಳಿ ಕರೀ ನಡುವಿನ ಅಂತರ ಜಲ್ದಿ ಕಡಿಮಿ ಆಗ್ತದ.

ಈಗ ಅಳತಿ. ಮೋಟರ್ ವೈರ್ ತೆಗೆದಿಡ್ರಿ. ಸೆನ್ಸರ್ ಎ0 ಪಿನ್ ಊನೊದ ಎ0ಗೆ ಕೊಟ್ಟು, ಅನಲಾಗ್ ರೀಡ್ ಅಂಕಿ ಕಂಪ್ಯೂಟರಿನ ಸೀರಿಯಲ್ ಮಾನಿಟರ್ ಪರದೆಯೊಳಗ ಬರೋಹಂಗ ಮಾಡ್ರಿ. ರೋಬೋ ಕೈಲೆ ತಳ್ಳಿ ಟೇಪ್, ತಿಳಿ ಕಲ್ಲು, ಕಪ್ಪು ಕಲ್ಲು, ಸಂದಿ, ಡ್ರಾಯಿಂಗ್ ಶೀಟ್, ಎಲ್ಲಾದರ ಮ್ಯಾಲೂ ನಿಲ್ಲಿಸಿ ಬರಕೋರಿ. ಒಂದೊಂದರದ್ದೂ ಅತೀ ಕಡಿಮಿ ಮತ್ತು ಅತೀ ಹೆಚ್ಚು ಅಂಕಿ ಬೇಕು, ಸರಾಸರಿ ಬ್ಯಾಡ. ಸೆನ್ಸರ್ ತಪ್ಪೋದು ಅಂಚಿನ ಅಂಕಿಯೊಳಗ. ನೆಲ ಒರೆಸಿದ ಕೂಡಲೇ ಒಂದ್ಸಲ, ಒಣಗಿದ ಮ್ಯಾಲ ಒಂದ್ಸಲ ಅಳೀರಿ. ಹಸಿ ಫರಸಿ ಒಣ ಫರಸಿಗಿಂತ ಬಹಳ ಕಪ್ಪು.

ಬಿಸಿಲಿಂದು ಬ್ಯಾರೆ ಕಥಿ. ಸೂರ್ಯನ ಬೆಳಕಿನ್ಯಾಗ ಐಆರ್ ಭಾಳ ಇರ್ತದ. ಅದು ಸೆನ್ಸರಿನ್ಯಾಗ ಹೊಕ್ಕರ ಕರೀ ಟೇಪೂ ಬಿಳಿ ಅಂತ ಓದ್ತದ. ಸೆನ್ಸರ್ ಸುತ್ತ ಕರೀ ಚಾರ್ಟಿನ ಗೋಡಿ ಕಟ್ರಿ, ನೆಲಕ್ಕ 2 ಮಿ.ಮೀ. ಬಿಟ್ಟು. ಹಾಲಿನ್ಯಾಗ ಟ್ರ್ಯಾಕ್ ಹಾಕೋ ಜಾಗಾನೂ ಕಿಟಕಿಯಿಂದ ದೂರ ಹಿಡೀರಿ. ಟ್ಯೂಬ್‌ಲೈಟ್, ಎಲ್ಇಡಿ ಬಲ್ಬಿನಿಂದ ಅಷ್ಟು ತ್ರಾಸ ಇಲ್ಲ. ಸ್ಟೇಜಿನ ಹ್ಯಾಲೋಜನ್ ಫೋಕಸ್ ಇದ್ರ ಅದನ್ನ ಬಂದ್ ಮಾಡಸ್ರಿ.

ಬೀದರ್_ವೈರಿಂಗ್

ಮೇಲಿನವರು ನೆಲದ ವಿಷಯ ಸರಿಯಾಗಿ ಹೇಳಿದ್ದಾರೆ. ವೇಗ ಬದಲಾಗದಿರುವುದು ಮತ್ತು ರೀಸೆಟ್, ಈ ಎರಡಕ್ಕೂ ನೆಲಕ್ಕೂ ಸಂಬಂಧವಿಲ್ಲ.

ವೇಗದ್ದು ಸುಲಭ. ಎಲ್298ಎನ್ ಬೋರ್ಡಿನಲ್ಲಿ ಐಎನ್1ರಿಂದ ಐಎನ್4ರವರೆಗಿನ ನಾಲ್ಕು ಪಿನ್ನುಗಳ ಎರಡೂ ಬದಿಗೆ ಇಎನ್ಎ, ಇಎನ್‌ಬಿ ಎಂಬ ಪಿನ್ನುಗಳಿವೆ. ಅವುಗಳ ಮೇಲೆ ಪುಟ್ಟ ಪ್ಲಾಸ್ಟಿಕ್ ಜಂಪರ್ ಇರುತ್ತದೆ. ಅದು ಇರುವ ತನಕ ಮೋಟರಿಗೆ ಯಾವಾಗಲೂ ಪೂರ್ತಿ ವೇಗ, ನೀವು ಕೋಡಿನಲ್ಲಿ 120 ಬರೆದರೂ 20 ಬರೆದರೂ ಅಷ್ಟೇ. ಎರಡೂ ಜಂಪರ್ ಕಿತ್ತು, ಐಎನ್ ಪಿನ್ನುಗಳ ಸಾಲಿನಲ್ಲೇ ಇರುವ ಪಿನ್ನಿಗೆ ವೈರ್ ಕೊಡಿ: ಇಎನ್ಎಗೆ ಊನೊದ 5, ಇಎನ್‌ಬಿಗೆ 6. ಹಿಂದಿನ ಸಾಲಿನ ಪಿನ್ 5 ವೋಲ್ಟಿನದು, ಅದಕ್ಕೆ ವೈರ್ ಹಾಕಬೇಡಿ. ಊನೊದಲ್ಲಿ ಪಿಡಬ್ಲ್ಯೂಎಂ (ಕರೆಂಟನ್ನು ಬೇಗ ಬೇಗ ಹಚ್ಚಿ ಆರಿಸಿ ವೇಗ ಹೊಂದಿಸುವ ರೀತಿ) ಬರುವುದು 3, 5, 6, 9, 10, 11ರಲ್ಲಿ ಮಾತ್ರ. ಬೇರೆ ಪಿನ್ನಿಗೆ ಕೊಟ್ಟರೆ ಮೋಟರ್ ಒಂದೋ ಪೂರ್ತಿ ಓಡುತ್ತದೆ, ಇಲ್ಲವೇ ನಿಂತೇ ಬಿಡುತ್ತದೆ. 5 ವೋಲ್ಟಿಗಾಗಿ ಇರುವ ಮೂರನೇ ಜಂಪರನ್ನು ಮಾತ್ರ ಮುಟ್ಟಬೇಡಿ, ಅದು ಇರಲಿ.

ಇನ್ನು ಬ್ಯಾಟರಿ. 9 ವೋಲ್ಟಿನ ಚೌಕ ಬ್ಯಾಟರಿ ಮಲ್ಟಿಮೀಟರಿಗೆ ಸರಿ, ಮೋಟರಿಗೆ ಅಲ್ಲ. ಅದರ ಒಳಗಿನ ತಡೆ ಹೆಚ್ಚು. ಬಿಒ ಮೋಟರ್ ಖಾಲಿ ತಿರುಗುವಾಗ ಸುಮಾರು 150ರಿಂದ 200 ಮಿಲಿಆಂಪ್ ಎಳೆಯುತ್ತದೆ. ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಅಥವಾ ಗಾಲಿ ಸಿಕ್ಕಿಕೊಂಡಾಗ ಒಂದು ಆಂಪ್ ದಾಟುತ್ತದೆ. ಎರಡೂ ಮೋಟರ್ ಒಟ್ಟಿಗೆ ಹೊರಟರೆ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಊನೊಗೆ ಬೇಕಾದ 5 ವೋಲ್ಟ್ ಸಿಗುವುದಿಲ್ಲ, ರೀಸೆಟ್. ಹೊಸ ಬ್ಯಾಟರಿ ಹಾಕಿದಾಗ ಕೆಲವೇ ನಿಮಿಷ ಸರಿ ಓಡುತ್ತದಾದ್ದರಿಂದ ತಪ್ಪು ಕೋಡಿನದೆಂದು ಹುಡುಗರಿಗೆ ಅನಿಸುತ್ತದೆ. ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದು ಒಂದು ಗಾಲಿಯನ್ನು ಕ್ಷಣಕಾಲ ಕೈಯಿಂದ ತಡೆಯಿರಿ, ಅಂಕಿ ಬೀಳುವುದು ಅವರ ಕಣ್ಣಿಗೇ ಕಾಣಲಿ.

ಎರಡು 18650 ಲಿಥಿಯಂ ಸೆಲ್ಲುಗಳನ್ನು ಸೀರೀಸಿನಲ್ಲಿ ಹಾಕಿ. ತುಂಬಿದಾಗ 8.4, ಸಾಮಾನ್ಯವಾಗಿ 7.4 ವೋಲ್ಟ್. ಎಲ್298ಎನ್ ಒಂದು ಆಂಪಿಗೆ ಸುಮಾರು 2 ವೋಲ್ಟ್ ತಾನೇ ತಿಂದು ಬಿಸಿಯಾಗುತ್ತದೆ, ಉಳಿದ ಐದೂವರೆ ವೋಲ್ಟ್ ಮೋಟರಿಗೆ ಸಾಕು. ಸಿಕ್ಕಿದರೆ ಟಿಬಿ6612 ಡ್ರೈವರ್ ಹಾಕಿ. ಅದು ಮಾಸ್‌ಫೆಟ್‌ನದು, ತಿನ್ನುವುದು ಬಹಳ ಕಡಿಮೆ, ಒಂದು ಚಾನೆಲ್ಲಿಗೆ 1.2 ಆಂಪ್ ಸತತವಾಗಿ ಕೊಡುತ್ತದೆ. ಬಿಒ ಮೋಟರಿಗೆ ಅದೇ ತಕ್ಕದ್ದು. ಊರಲ್ಲಿ ಸಿಗದಿದ್ದರೆ ಹೈದರಾಬಾದಿಗೆ ಹೋಗುವವರ ಕೈಲಿ ಕೋಠಿಯ ಗುಜರಾತಿ ಗಲ್ಲಿಯಿಂದ ತರಿಸಿಕೊಳ್ಳಿ. ಇದೊಂದರ ಸಲುವಾಗಿ ಪ್ರದರ್ಶನ ನಿಲ್ಲುವುದಿಲ್ಲ, ಎಲ್298ಎನ್‌ನಲ್ಲೇ ಕೆಲಸ ಆಗುತ್ತದೆ.

ವೈರಿಂಗ್ ಹೀಗೆ: ಸೆಲ್ಲಿನ ಪ್ಲಸ್ ಸ್ವಿಚ್ಚಿಗೆ, ಅಲ್ಲಿಂದ ಒಂದು ವೈರ್ ಡ್ರೈವರಿನ 12 ವೋಲ್ಟ್ ಸ್ಕ್ರೂಗೆ, ಇನ್ನೊಂದು ಊನೊದ ವಿನ್ ಪಿನ್ನಿಗೆ. ಮೈನಸ್ ಡ್ರೈವರಿನ ಗ್ರೌಂಡಿಗೆ, ಅಲ್ಲಿಂದ ಊನೊದ ಗ್ರೌಂಡಿಗೆ. ಈ ಕೊನೆಯ ವೈರ್ ಮರೆತರೆ ಮೋಟರ್ ಮನಸ್ಸಿಗೆ ಬಂದಂತೆ ನಡುಗುತ್ತದೆ, ಅಥವಾ ಅಲ್ಲಾಡುವುದೇ ಇಲ್ಲ. ಸೆನ್ಸರುಗಳಿಗೆ ಊನೊದ 5 ವೋಲ್ಟ್. ಪ್ರತಿ ಮೋಟರಿನ ಎರಡು ಕಡ್ಡಿಗಳ ನಡುವೆ 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಒಂದು, ಡ್ರೈವರಿನ ಪ್ಲಸ್ ಮೈನಸ್ ನಡುವೆ 470 ಮೈಕ್ರೋಫ್ಯಾರಡ್, 25 ವೋಲ್ಟಿನದು ಒಂದು. ದೊಡ್ಡ ಕೆಪಾಸಿಟರಿಗೆ ಪ್ಲಸ್ ಮೈನಸ್ ಇದೆ, ಬಿಳಿ ಪಟ್ಟಿ ಇರುವ ಕಾಲು ಮೈನಸ್ಸಿಗೆ.

ಪ್ಯಾಕ್ 7 ವೋಲ್ಟಿಗೆ ಇಳಿದರೆ ಓಡಿಸುವುದು ನಿಲ್ಲಿಸಿ ಚಾರ್ಜಿಗೆ ಹಾಕಿ. ಸೆಲ್ ಒಂದೊಂದೂ 3 ವೋಲ್ಟಿಗಿಂತ ಕೆಳಗೆ ಹೋಗಲೇಬಾರದು. ಸೆಲ್ ಮೇಲೆ 9900 ಎಂದು ಬರೆದಿದ್ದರೆ ಅದು ನಕಲಿ. ಒಳ್ಳೆಯ 18650 ಸಾಮಾನ್ಯವಾಗಿ 2000ರಿಂದ 3500 ಮಿಲಿಆಂಪ್ ಅವರ್ ಒಳಗೇ ಇರುತ್ತದೆ. ಚಾರ್ಜಿಂಗ್ ಲಿಥಿಯಂ ಚಾರ್ಜರಿನಲ್ಲೇ, ದೊಡ್ಡವರು ಇರುವಾಗಲೇ ಆಗಬೇಕು. 45 ಡಿಗ್ರಿಗಿಂತ ಬಿಸಿಯಲ್ಲಿ ಲಿಥಿಯಂ ಸೆಲ್ ಚಾರ್ಜ್ ಮಾಡಬಾರದು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೀಟಿನ ಕೋಣೆ ಮಧ್ಯಾಹ್ನ ಸುಲಭವಾಗಿ ಅಷ್ಟು ಕಾಯುತ್ತದೆ, ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮಾಡಿ. ಹುಡುಗರ ಜೇಬಿನಲ್ಲಿ ಕೀ, ನಾಣ್ಯದ ಜೊತೆ ಬಿಡಿ ಸೆಲ್ ಇರಕೂಡದು.

ಸೇಡಂ_ಸಾಲಿ

ಇಬ್ಬರಿಗೂ ಭಾಳ ಥ್ಯಾಂಕ್ಸ್. ಜಂಪರ್ ತೆಗೆದ ಕೂಡಲೇ ವೇಗ ಮಾತು ಕೇಳ್ಲಾಕತ್ತದ. 18650 ಹಾಕಿದ ಮ್ಯಾಲ ರೀಸೆಟ್ ನಿಂತದ. ನಾಲ್ಕು ಪಿನ್ನಿನ ಸೆನ್ಸರ್ 5 ಮಿ.ಮೀ. ಎತ್ತರಕ್ಕ ಹಚ್ಚಿ ಹಾಲಿನ್ಯಾಗ ಅಳದದ್ದು ಇದು:

ಡ್ರಾಯಿಂಗ್ ಶೀಟ್ 70ರಿಂದ 90
ಒಣ ಫರಸಿ 340ರಿಂದ 430
ಒರೆಸಿದ ಕೂಡಲೇ ಫರಸಿ 480ರಿಂದ 560
ಸಂದಿ 560ರಿಂದ 690
ಕರೀ ಟೇಪ್ 860ರಿಂದ 900
ಕಿಟಕಿ ಬಿಸಿಲಿನ್ಯಾಗ ಕರೀ ಟೇಪ್ 250ರಿಂದ 300

ಈಗ ಕೋಡ್‌ನ್ಯಾಗ ಯಾವ ಅಂಕಿ ಗಡಿ ಅಂತ ಇಡಬೇಕು?

ಫರಸಿ_ಖಣಿ, ಶಹಾಬಾದ್

ಅಂಕಿ ಭಾಳ ಚಲೋ ತಗೊಂಡೀರಿ ಮೇಡಂ, ಇದರಾಗೇ ಉತ್ತರ ಅದ.

ಸಾಮಾನ್ಯವಾಗಿ ಎಲ್ಲಾರೂ ನೆಲ ಮತ್ತು ಟೇಪ್ ನಡುವಿನ ಮಧ್ಯದ ಅಂಕಿ ಇಡ್ತಾರ. 430 ಮತ್ತು 860ರ ಮಧ್ಯ ಅಂದ್ರ 645. ಆದ್ರ ನಿಮ್ಮ ಸಂದಿ 560ರಿಂದ 690ರ ತನಕ ಬರ್ತದ, ಅಂದ್ರ 645 ಸರಿಯಾಗಿ ಸಂದಿಯ ನಡುವೇ ಬೀಳ್ತದ. ಒಂದು ಸಂದಿ ಗೆರಿ ಅಂತ, ಇನ್ನೊಂದು ನೆಲ ಅಂತ ಓದ್ತದ. ಗಡಿಯನ್ನ ಸಂದಿ ಮತ್ತು ಟೇಪ್ ನಡುವ, 775ಕ್ಕ ಇಟ್ರ ಕಾಗದದ ಮ್ಯಾಲ ಸರಿ ಆಗ್ತದ, ಆದ್ರ ಎರಡೂ ಕಡೆ 85 ಅಷ್ಟೇ ಉಳೀತದ. ಕಲ್ಲಿನ ಅಂಚಿಗೆ ಕ್ಯಾಸ್ಟರ್ ಏರಿ ಸೆನ್ಸರ್ ಒಂದು ಮಿಲಿಮೀಟರ್ ಎದ್ದರೂ ಆ 85 ಹೋಯ್ತು.

ಅದಕ್ಕ ಗೆರಿಯನ್ನೇ ಬದಲಿ ಮಾಡ್ರಿ. ಫರಸಿ ಮ್ಯಾಲ ಕರೀ ಟೇಪ್ ಬಿಟ್ಟು ಬಿಳಿ ಟೇಪ್ ಹಚ್ರಿ. ಬಿಳಿ ಟೇಪಿಂದು ಅಳೀರಿ, ಡ್ರಾಯಿಂಗ್ ಶೀಟಿನ ಆಸುಪಾಸು ಬರ್ತದ. 90 ಅಂತ ಹಿಡಿದ್ರ ಫರಸಿಯ ಅತೀ ಕಡಿಮಿ 340, ಗಡಿ 215, ಎರಡೂ ಕಡೆ 125 ಸಿಗ್ತದ. ಸಂದಿ ಕಲ್ಲಿಗಿಂತ ಇನ್ನೂ ಕಪ್ಪು, ಹಂಗಾಗಿ ಅದು ಎಂದೂ ಗೆರಿ ಆಗೋದಿಲ್ಲ. ನೆಲ ಹಸಿ ಆದ್ರ ಅಂತರ ಇನ್ನೂ ಹೆಚ್ಚಾಗ್ತದ. ಕೋಡ್‌ನ್ಯಾಗ ಗಡಿಗಿಂತ ಹೆಚ್ಚಿದ್ರ ಗೆರಿ ಅನ್ನೋದನ್ನ ಗಡಿಗಿಂತ ಕಡಿಮಿ ಇದ್ರ ಗೆರಿ ಅಂತ ತಿರುವಿದ್ರ ಮುಗೀತು. ಸಂದಿಗೆ ಬಿಳಿ ಸಿಮೆಂಟ್ ತುಂಬಿದ ನೆಲ ಆದ್ರ ಮಾತ್ರ ಈ ಉಪಾಯ ನಡೆಯೋದಿಲ್ಲ, ನಿಮ್ಮ ಅಂಕಿ ನೋಡಿದ್ರ ಹಂಗಿಲ್ಲ.

ಬಿಳಿ ಟೇಪಿನ ತ್ರಾಸ ಒಂದೇ. ಎರೀ ಮಣ್ಣಿನ ಕಾಲು, ಚಪ್ಪಲಿ ಬಿದ್ರ ಕಪ್ಪಾಗ್ತದ. ಪ್ರದರ್ಶನದ ಹೊತ್ತಿನ್ಯಾಗ ಟ್ರ್ಯಾಕ್ ಸುತ್ತ ಹಗ್ಗ ಕಟ್ರಿ.

ಯಾದಗಿರಿ_ಲೂಪ್

ಬಿಳಿ ಟೇಪಿನ ಲೆಕ್ಕ ಒಪ್ಪುತ್ತೇನೆ, ಆದರೂ ಪ್ರದರ್ಶನಕ್ಕೆ ನನ್ನ ಸಲಹೆ ಬೇರೆ. ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಪ್ರಿಂಟ್ ಇಲ್ಲದ ಬಿಳಿ ಫ್ಲೆಕ್ಸ್ 8 ಅಡಿ ಉದ್ದ, 4 ಅಡಿ ಅಗಲ ಕೊಯ್ಸಿ ಹಾಸಿ, ಅದರ ಮೇಲೆ ಕರಿ ಟೇಪ್ ಹಚ್ಚಿ. ಹೊಳಪು ಕಡಿಮೆ ಇರುವ ಮಗ್ಗುಲು ಮೇಲೆ ಬರಲಿ. ನಿಮ್ಮ ಶೀಟಿನ ಅಂಕಿಗಳ ಹತ್ತಿರ ಬಂದರೆ ಗಡಿ 475, ಎರಡೂ ಕಡೆ 385 ಸಿಗುತ್ತದೆ. ಈ 385ರ ಎದುರಿಗೆ 125 ಏನೂ ಅಲ್ಲ. ಸುತ್ತಿ ಒಯ್ಯಬಹುದು, ಮುಂದಿನ ವರ್ಷವೂ ಬರುತ್ತದೆ. ಮಡಚಬೇಡಿ, ಮಡಿಕೆಯ ಗೆರೆಯಲ್ಲಿ ಕ್ಯಾಸ್ಟರ್ ಕುಪ್ಪಳಿಸುತ್ತದೆ. ಮಾರ್ಕರಿನಿಂದ ಗೆರೆ ಎಳೆಯಲೂಬೇಡಿ: ಹಲವು ಕಪ್ಪು ಮಾರ್ಕರ್ ಶಾಯಿಗಳು ಕಣ್ಣಿಗೆ ಕಪ್ಪು, ಐಆರ್ ಬೆಳಕಿಗೆ ಪಾರದರ್ಶಕ. ಸೆನ್ಸರಿಗೆ ಕೆಳಗಿನ ಬಿಳಿಯೇ ಕಾಣುತ್ತದೆ.

ಈಗ ತಿರುವಿನ ವಿಷಯ. ಎರಡು ಸೆನ್ಸರಿನ ರೋಬೋಗೆ ಮೂರೇ ಮಾತು ಗೊತ್ತು: ನೇರ, ಎಡ, ಬಲ. ಎತ್ತಿನ ಬಂಡಿ ತಿರುಗಿಸುವಾಗ ಒಂದು ಎತ್ತನ್ನು ತಡೆದು ಇನ್ನೊಂದನ್ನು ಬಿಡುವಂತೆ, ಒಂದು ಗಾಲಿ ನಿಧಾನ ಮಾಡಿ ಇನ್ನೊಂದನ್ನು ಓಡಿಸಿ ತಿರುಗುವುದು ಇದರ ರೀತಿ. ಎಷ್ಟು ತಡೆಯಬೇಕೆಂಬುದು ಗೆರೆ ಎಷ್ಟು ದೂರ ಸರಿದಿದೆ ಎಂಬುದರ ಮೇಲೆ ಹೋಗಬೇಕು. ಎರಡು ಸೆನ್ಸರಿಗೆ ಅದು ಗೊತ್ತಾಗುವುದಿಲ್ಲ, ಆದ್ದರಿಂದ ಹಾವಿನಂತೆ ತೊನೆಯುತ್ತ ಹೋಗುತ್ತದೆ. ಐದು ಸೆನ್ಸರ್ ಸಾಲಾಗಿ ಹಚ್ಚಿದರೆ ಲೆಕ್ಕ ಸಿಗುತ್ತದೆ.

ಟೇಪ್ ಅಗಲ 18 ಮಿ.ಮೀ. ಇದ್ದರೆ ಸೆನ್ಸರುಗಳ ನಡು ನಡುವಿನ ಅಂತರ 14 ಮಿ.ಮೀ. ಇಡಿ. ಆಗ ಟೇಪ್ ಸಾಲಿನ ಕೆಳಗೆ ಇರುವ ತನಕ ಒಂದಾದರೂ ಸೆನ್ಸರಿಗೆ ಕಂಡೇ ಕಾಣುತ್ತದೆ, ಅನೇಕ ಸಲ ಎರಡಕ್ಕೆ. ಬಿಡಿ ಟಿಸಿಆರ್‌ಟಿ5000 ತಂದು ನೀವೇ ಬೆಸುಗೆ ಹಾಕುವುದಾದರೆ ಎಲ್ಇಡಿಗೆ 220 ಓಮ್, ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 5 ವೋಲ್ಟಿನಿಂದ 10 ಕಿಲೋಓಮ್. ಕಲೆಕ್ಟರಿನಿಂದಲೇ ವೈರ್ ತೆಗೆದು ಎ0ಯಿಂದ ಎ4ರವರೆಗೆ ಕೊಡಿ. ಒಂದು ಎಲ್ಇಡಿ ಸುಮಾರು 17 ಮಿಲಿಆಂಪ್, ಐದಕ್ಕೆ 85. ಸೆನ್ಸರ್ ಸಾಲು ಗಾಲಿಯ ಅಚ್ಚಿನಿಂದ 8ರಿಂದ 10 ಸೆಂ.ಮೀ. ಮುಂದೆ ಇರಲಿ. ಅಚ್ಚಿಗೆ ತೀರ ಹತ್ತಿರವಿದ್ದರೆ ತಿರುವು ಬಂದದ್ದು ತಡವಾಗಿ ಗೊತ್ತಾಗುತ್ತದೆ, ತೀರ ಮುಂದಿದ್ದರೆ ಸಣ್ಣ ಅಲುಗಾಟಕ್ಕೂ ಸಾಲು ಗೆರೆಯಿಂದ ಆಚೆ ಬೀಸುತ್ತದೆ.

ಐದೂ ಸೆನ್ಸರುಗಳ ಅಂಕಿ ಒಂದೇ ಸಮ ಬರುವುದಿಲ್ಲ. ಆನ್ ಮಾಡಿದ ಮೊದಲ ನಾಲ್ಕೈದು ಸೆಕೆಂಡು ರೋಬೋ ಗೆರೆಯ ಮೇಲೆ ಎಡಕ್ಕೂ ಬಲಕ್ಕೂ ನಿಧಾನ ತಿರುಗಲಿ. ಅಷ್ಟರಲ್ಲಿ ಪ್ರತಿ ಸೆನ್ಸರಿನ ಕನಿಷ್ಠ, ಗರಿಷ್ಠ ಬರೆದಿಟ್ಟುಕೊಂಡು ಆಮೇಲೆ ಪ್ರತಿ ಅಂಕಿಯನ್ನೂ 0ರಿಂದ 1000ಕ್ಕೆ ಹೊಂದಿಸಿ: ನೆಲ 0, ಗೆರೆ 1000. 100ಕ್ಕಿಂತ ಕಡಿಮೆ ಬಂದದ್ದನ್ನು 0 ಎಂದೇ ತೆಗೆದುಕೊಳ್ಳಿ.

ಎಡದಿಂದ ಸೆನ್ಸರುಗಳಿಗೆ 0, 1000, 2000, 3000, 4000 ಎಂದು ಸ್ಥಾನ ಕೊಡಿ. ಪ್ರತಿ ಸ್ಥಾನವನ್ನು ಅದರ ಅಂಕಿಯಿಂದ ಗುಣಿಸಿ, ಎಲ್ಲ ಕೂಡಿಸಿ, ಬಂದದ್ದನ್ನು ಅಂಕಿಗಳ ಮೊತ್ತದಿಂದ ಭಾಗಿಸಿ. ಗೆರೆ ನಡುವೆ ಇದ್ದರೆ 2000 ಬರುತ್ತದೆ. ಊನೊದಲ್ಲಿ ಅಂಕಿ ಇಡುವ ಸಾಮಾನ್ಯ ಇಂಟ್ 32767ಕ್ಕೇ ಮುಗಿಯುತ್ತದೆ, ಈ ಗುಣಾಕಾರ ಲಕ್ಷ ದಾಟುತ್ತದೆ. ದೊಡ್ಡ ಅಂಕಿ ಹಿಡಿಯುವ ಲಾಂಗ್ ಬಳಸದಿದ್ದರೆ ಅರ್ಥವಿಲ್ಲದ ಸ್ಥಾನ ಬರುತ್ತದೆ, ಕಾರಣ ಹುಡುಕಲು ದಿನಗಟ್ಟಲೆ ಹಿಡಿಯುತ್ತದೆ. ಸ್ಥಾನದಿಂದ 2000 ಕಳೆದದ್ದು ತಪ್ಪು. ಕೆಪಿ, ಕೆಡಿ ಎಂದರೆ ಓಡಿಸಿ ನೋಡಿ ನೀವೇ ಹೊಂದಿಸುವ ಅಂಕಿಗಳು, ಪಿಐಡಿಯ ಪಿ ಮತ್ತು ಡಿ ಭಾಗದವು. ತಿದ್ದುಪಡಿ ಎಂದರೆ ತಪ್ಪು ಗುಣಿಲೆ ಕೆಪಿ, ಜೊತೆಗೆ ಈಗಿನ ತಪ್ಪಿನಲ್ಲಿ ಹಿಂದಿನ ತಪ್ಪು ಕಳೆದದ್ದು ಗುಣಿಲೆ ಕೆಡಿ. ಇದನ್ನು ಎಡ ಗಾಲಿಯ ವೇಗಕ್ಕೆ ಕೂಡಿಸಿ, ಬಲ ಗಾಲಿಯ ವೇಗದಿಂದ ಕಳೆಯಿರಿ. ಬಂದ ವೇಗ 0ಕ್ಕಿಂತ ಕೆಳಗೆ, 255ಕ್ಕಿಂತ ಮೇಲೆ ಹೋಗದಂತೆ ಕಟ್ಟು ಹಾಕಿ.

ಮೂಲ ವೇಗ 110 ಇಟ್ಟು ಶುರು ಮಾಡಿ. ತಪ್ಪು ಹೆಚ್ಚೆಂದರೆ 2000. ಆಗ ತಿದ್ದುಪಡಿ ಸುಮಾರು 110 ಆಗಬೇಕೆಂದರೆ ಕೆಪಿ 0.055. ಆದ್ದರಿಂದ 0.05, ಕೆಡಿ 0. ರೋಬೋ ಗೆರೆ ಬಿಟ್ಟು ದೂರ ಓಡಿದರೆ ಚಿಹ್ನೆ ಉಲ್ಟಾ ಆಗಿದೆ, ಕೂಡಿಸಿದ್ದನ್ನು ಕಳೆಯಿರಿ. ಗೆರೆ ಹಿಡಿದರೂ ತೊನೆದರೆ ಕೆಡಿ 0.2ರಿಂದ ಏರಿಸುತ್ತ ಹೋಗಿ, ತೊನೆಯುವುದು ನಿಲ್ಲುವ ತನಕ. ಇನ್ನೂ ಏರಿಸಿದರೆ ಮೋಟರ್ ಗುರುಗುಟ್ಟಿ ನಡುಗಲು ಶುರುವಾಗುತ್ತದೆ, ಅಲ್ಲಿಂದ ಸ್ವಲ್ಪ ಹಿಂದೆ ಬನ್ನಿ. ಪಿಐಡಿಯ ನಡುವಿನ ಐ ಬೇಡ, ಗೆರೆ ಹಿಡಿಯಲು ಪಿ ಮತ್ತು ಡಿ ಸಾಕು. ಬ್ಯಾಟರಿ ಇಳಿದಂತೆ ಅಂಕಿಗಳು ಬದಲಾಗುತ್ತವೆ, ತುಂಬಿದ ಸೆಲ್ಲಿನಲ್ಲೇ ಹೊಂದಿಸಿ.

ಲೂಪ್, ಅಂದರೆ ಕೋಡಿನಲ್ಲಿ ಮತ್ತೆ ಮತ್ತೆ ಓಡುವ ಭಾಗ, ಬೇಗ ತಿರುಗಬೇಕು. ಹೊಂದಾಣಿಕೆ ಮುಗಿದ ಮೇಲೆ ಸೀರಿಯಲ್ ಪ್ರಿಂಟ್ ಎಲ್ಲ ತೆಗೆಯಿರಿ. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸುಮಾರು ಒಂದು ಮಿಲಿಸೆಕೆಂಡ್, 20 ಅಕ್ಷರಕ್ಕೆ 20. 65 ಮಿ.ಮೀ. ಗಾಲಿಯ ಸುತ್ತಳತೆ 204 ಮಿ.ಮೀ. 150 ಆರ್‌ಪಿಎಂ ಅಂದರೆ ಸೆಕೆಂಡಿಗೆ ಎರಡೂವರೆ ಸುತ್ತು, ಹತ್ತಿರ ಹತ್ತಿರ ಅರ್ಧ ಮೀಟರ್. ಆ 20 ಮಿಲಿಸೆಕೆಂಡಿನಲ್ಲಿ ರೋಬೋ ಕಣ್ಣು ಮುಚ್ಚಿ ಒಂದು ಸೆಂಟಿಮೀಟರ್ ಹೋಗಿರುತ್ತದೆ, ಟೇಪಿನ ಅರ್ಧಕ್ಕಿಂತ ಹೆಚ್ಚು. ಕೋಡಿನಲ್ಲಿ 100ರ ಡಿಲೇ ಇದ್ದರೆ 5 ಸೆಂಟಿಮೀಟರ್. ಐದು ಸೆನ್ಸರ್ ಓದಲು ಬೇಕಾಗುವುದು ಅರ್ಧ ಮಿಲಿಸೆಕೆಂಡ್ ಅಷ್ಟೇ. ಲೂಪನ್ನು 5 ಮಿಲಿಸೆಕೆಂಡಿಗೊಮ್ಮೆ ಸರಿಯಾಗಿ ತಿರುಗುವಂತೆ ಕಟ್ಟಿದರೆ ಕೆಡಿ ಸ್ಥಿರವಾಗಿರುತ್ತದೆ.

ಐದೂ ಸೆನ್ಸರಿಗೆ ಗೆರೆ ಕಾಣದಿದ್ದರೆ ಮೊತ್ತ 0 ಆಗುತ್ತದೆ, ಭಾಗಾಕಾರಕ್ಕೆ ಹೋಗಬೇಡಿ. ಕೊನೆಗೆ ತಪ್ಪು ಯಾವ ಕಡೆ ಇತ್ತೋ ಆ ಕಡೆಗೇ ಗೆರೆ ಸಿಗುವ ತನಕ ತಿರುಗಿಸಿ. ಕಡಿದಾದ ತಿರುವಿನಲ್ಲಿ ರೋಬೋವನ್ನು ಉಳಿಸುವುದು ಇದೊಂದೇ ಸಾಲು.

ಬೀದರ್_ವೈರಿಂಗ್

ಒಂಬತ್ತನೇ ತರಗತಿಯವರಿಗೆ ಮೊದಲು ಮೂರು ಸೆನ್ಸರಿನಲ್ಲಿ ಮಾಡಿಸಿ ಎನ್ನುತ್ತೇನೆ. ಸ್ಥಾನ 0, 1000, 2000, ನಡು 1000, ಲೆಕ್ಕದ ರೀತಿ ಅದೇ. ತಪ್ಪು ಹೆಚ್ಚೆಂದರೆ 1000 ಆಗುವುದರಿಂದ ಕೆಪಿ 0.1ರಿಂದ ಶುರು ಮಾಡಬೇಕು. ವೈರ್ ಕಡಿಮೆಯಾದರೆ ಸಡಿಲ ಜೋಡಣೆಯೂ ಕಡಿಮೆ. ಪ್ರದರ್ಶನದ ದಿನ ಕೈಕೊಡುವುದು ಹೆಚ್ಚಾಗಿ ಜಂಪರ್ ವೈರುಗಳೇ. ಕೋಡ್ ಸರಿಯಾದ ಮೇಲೆ ಪ್ರತಿ ಕನೆಕ್ಟರ್ ಬುಡಕ್ಕೂ ಗ್ಲೂ ಗನ್ನಿನಿಂದ ಒಂದು ಹನಿ ಅಂಟು ಹಾಕಿ.

ಇನ್ನೊಂದು, 110 ವೇಗದಲ್ಲಿ ತಿದ್ದುಪಡಿ ಆಗಿ ಒಂದು ಗಾಲಿಗೆ 40 ಬಂದರೆ ಬಿಒ ಮೋಟರ್ ತಿರುಗುವುದೇ ಇಲ್ಲ, ಬರೀ ಕುಂಯ್‌ಗುಡುತ್ತದೆ. ಗಾಲಿ ನೆಲಕ್ಕಿಟ್ಟು 0ಯಿಂದ ಏರಿಸುತ್ತ ಯಾವ ಅಂಕಿಗೆ ಹೊರಡುತ್ತದೆ ನೋಡಿ, ಸಾಮಾನ್ಯವಾಗಿ 60ರಿಂದ 80. ಎರಡೂ ಮೋಟರಿಗೆ ಬೇರೆ ಬೇರೆ ಬರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ನೇರ 0 ಕೊಡಿ. ಸೆಲ್ ಹೋಲ್ಡರನ್ನು ಗಾಲಿಗಳ ಅಚ್ಚಿನ ಮೇಲೆಯೇ ಇಡಿ. ಭಾರ ಕ್ಯಾಸ್ಟರ್ ಮೇಲೆ ಬಿದ್ದರೆ ಗಾಲಿ ಜಾರುತ್ತದೆ, ಫರಸಿಯ ಧೂಳಿನಲ್ಲಂತೂ ಇನ್ನೂ ಹೆಚ್ಚು. ಪ್ರತಿ ಓಟಕ್ಕೆ ಮೊದಲು ಟಯರನ್ನು ಹಸಿ ಬಟ್ಟೆಯಿಂದ ಒರೆಸಿ.

ಸೇಡಂ_ಸಾಲಿ

ಮೂರು ಸೆನ್ಸರ್, ಬಿಳಿ ಫ್ಲೆಕ್ಸ್, ಕರೀ ಟೇಪ್ ಅಂತ ಹುಡುಗ್ರು ಠರಾಯಿಸ್ಯಾರ. ಕಡೀ ಪ್ರಶ್ನಿ ಎರಡು. ಟೇಪ್ ತಿರುವಿನ್ಯಾಗ ಸುಕ್ಕಾಗಿ ಎದ್ದು ಬರ್ತದ. ಮತ್ತ ಟ್ರ್ಯಾಕಿನ್ಯಾಗ ಒಂದು ಕಡೆ ಗೆರಿ ಗೆರಿ ದಾಟ್ತದ, ಅಲ್ಲಿ ಏನು ಮಾಡಬೇಕು?

ಫರಸಿ_ಖಣಿ, ಶಹಾಬಾದ್

ಟೇಪ್ ಎಳೆದು ಬಗ್ಗಿಸಬ್ಯಾಡ್ರಿ. ಎಳೆದದ್ದು ಸೆಕಿಗೆ ಹೊಳ್ಳಿ ಕುಗ್ತದ, ಅಂಚು ಏಳ್ತದ. ಮೊದ್ಲ ದಾರಕ್ಕ ಪೆನ್ಸಿಲ್ ಕಟ್ಟಿ 20 ಸೆಂ.ಮೀ. ತ್ರಿಜ್ಯದ ಕಮಾನು ಫ್ಲೆಕ್ಸ್ ಮ್ಯಾಲ ಎಳೀರಿ. ಅದರ ಮ್ಯಾಲ ಟೇಪನ್ನ 3 ಸೆಂ.ಮೀ. ತುಂಡು ತುಂಡು ಕತ್ತರಿಸಿ ಒಂದರ ಮ್ಯಾಲ ಒಂದು 5 ಮಿ.ಮೀ. ಏರೋಹಂಗ ಹಚ್ಚಕೋತ ಹೋಗ್ರಿ. ರೋಬೋ ಯಾವ ಕಡೆಯಿಂದ ಬರ್ತದೋ ಆ ಕಡೆಯ ತುಂಡು ಮ್ಯಾಲ ಇರಬೇಕು, ಅಂದ್ರ ಕ್ಯಾಸ್ಟರ್ ಅಂಚನ್ನ ಎಬ್ಬಿಸೋದಿಲ್ಲ. ಹಚ್ಚಿದ ಮ್ಯಾಲ ಚಮಚದ ಬೆನ್ನಿಲೆ ಉಜ್ಜಿ ಗಾಳಿ ತೆಗೀರಿ. ಟೇಪ್ ಭಾಳ ಹೊಳೀತಿದ್ರ ಆ ಹೊಳಪೇ ಸೆನ್ಸರಿಗೆ ಬಿಳಿ ಕಾಣ್ತದ, ಬಾರೀಕ್ ಪಾಲಿಶ್ ಪೇಪರಿಲೆ ಹಗೂರ ತಿಕ್ಕಿ ಮಂಕು ಮಾಡ್ರಿ. ಫರಸಿ ಮ್ಯಾಲ ಉಳಿದ ಹಳೀ ಟೇಪಿನ ಅಂಟು ಕೊಬ್ಬರಿ ಎಣ್ಣಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದ್ರ ಹೋಗ್ತದ.

ಯಾದಗಿರಿ_ಲೂಪ್

ಗೆರೆ ಗೆರೆ ದಾಟುವಲ್ಲಿ ಎರಡೂ ಗೆರೆ ಲಂಬವಾಗಿ, 90 ಡಿಗ್ರಿಯಲ್ಲೇ ಸೇರಲಿ. ಓರೆಯಾಗಿ ದಾಟಿದರೆ ಒಂದು ಬದಿಯ ಸೆನ್ಸರಿಗೆ ಅಡ್ಡ ಗೆರೆ ಮೊದಲು ಕಾಣಿಸಿ ರೋಬೋ ಅತ್ತ ತಿರುಗಿ ಬಿಡುತ್ತದೆ. ಮೂರೂ ಸೆನ್ಸರ್ 800ರ ಮೇಲೆ ಓದಿದರೆ ಅದು ಅಡ್ಡ ಗೆರೆ ಎಂದು ತಿಳಿದು, ತಿದ್ದುಪಡಿ ಬಿಟ್ಟು ಎರಡೂ ಗಾಲಿಗೆ ಮೂಲ ವೇಗ ಕೊಟ್ಟು 120 ಮಿಲಿಸೆಕೆಂಡ್ ನೇರ ಓಡಿಸಿ, ಆಮೇಲೆ ಮತ್ತೆ ಲೆಕ್ಕಕ್ಕೆ ಬನ್ನಿ. ಹಿಂದಿನ ತಪ್ಪು ಎಂದು ಇಟ್ಟುಕೊಂಡ ಅಂಕಿಯನ್ನು ಆಗ 0 ಮಾಡಿ, ಇಲ್ಲವಾದರೆ ದಾಟಿದ ಕೂಡಲೇ ಕೆಡಿ ಒಂದು ಸಲ ಜೋರಾಗಿ ಎಳೆಯುತ್ತದೆ. ಅಡ್ಡ ಗೆರೆಗೆ ಮೊದಲು ಕನಿಷ್ಠ 25 ಸೆಂ.ಮೀ. ನೇರ ದಾರಿ ಬಿಡಿ, ಅಷ್ಟರಲ್ಲಿ ರೋಬೋ ತೊನೆಯುವುದು ನಿಂತು ಗೆರೆಯ ನಡುವೆ ಬಂದಿರುತ್ತದೆ.

ನಿಲ್ಲುವ ಜಾಗಕ್ಕೂ ಇದೇ ಗುರುತು ಇಟ್ಟರೆ ಗೊಂದಲ. ಅಲ್ಲಿ ಟೇಪನ್ನು ಅಡ್ಡಕ್ಕೆ ಸಾಲು ಸಾಲಾಗಿ, ರೋಬೋ ಹೋಗುವ ದಿಕ್ಕಿನಲ್ಲಿ 10 ಸೆಂ.ಮೀ. ಅಗಲ ಬರುವಂತೆ ಹಚ್ಚಿ. 65 ಮಿ.ಮೀ. ಗಾಲಿಯಲ್ಲಿ ಈ ವೇಗಕ್ಕೆ 120 ಮಿಲಿಸೆಕೆಂಡಿನಲ್ಲಿ ರೋಬೋ 6 ಸೆಂ.ಮೀ. ಒಳಗೇ ಹೋಗಿರುತ್ತದೆ. ಆಗಲೂ ಮೂರೂ ಸೆನ್ಸರಿಗೆ ಕಪ್ಪೇ ಕಂಡರೆ ನಿಲ್ಲಿಸಿ.